ವಾದ್ಯ ಮುಂದೆ ಹೋಗಲಿ, ವಾದಕ ಪಕ್ಕಕ್ಕೆ ನಿಲ್ಲಲಿ

ಪಿಟೀಲಿಗೂ ಒಂದು ಪಾಸ್‌ಪೋರ್ಟ್ ಉಂಟು. ಅದರ ಹೆಸರು ಎಟಿಎ ಕಾರ್ನೆಟ್. 1961ರಲ್ಲಿ ದೇಶದೇಶಗಳವರು ಕೂತು ಮಾಡಿಕೊಂಡ ಒಪ್ಪಂದದ ಕೂಸು. ವಾದ್ಯ, ನಾಟಕದ ಪರದೆ, ಪ್ರದರ್ಶನದ ಚಿತ್ರಪಟ ಎಲ್ಲವೂ ಸುಂಕ ಕಟ್ಟದೆ ಗಡಿ ದಾಟಿ ಹೋಗಿಬರಲು ಅದೊಂದು ಕಾಗದದ ಕಟ್ಟು ಸಾಕು. ಒಂದು ವರ್ಷ ನಡೆಯುತ್ತದೆ. ಪಿಟೀಲು ವಾಪಸ್ ಬರುತ್ತದೆಯೇ ಎಂಬ ಅನುಮಾನಕ್ಕೆ ಖಾತರಿ ಹಣ ಇಟ್ಟರೆ ಮುಗಿಯಿತು, ಯಾರೂ ಅದರ ಮುಖ ದಿಟ್ಟಿಸಿ ನೋಡುವುದಿಲ್ಲ.

ಅದನ್ನು ನುಡಿಸುವವನ ಕಥೆ ಬೇರೆ. ಒಂದೇ ವೀಸಾಕ್ಕೆ ಒಪ್ಪಿಕೊಂಡ ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ ಅವನಿಗೆ ಸಿಗುವುದು 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಆಮೇಲೆ ಪಿಟೀಲು ಅಲ್ಲೇ ಇರಬಹುದು, ವಾದಕ ಹೊರಡಬೇಕು. ಉಳಿದ ಕಛೇರಿಗಳನ್ನು ಪಿಟೀಲು ಒಬ್ಬಂಟಿಯಾಗಿ ನಿಭಾಯಿಸಿಕೊಳ್ಳಲಿ.

ವಾದ್ಯದ ಹಾದಿಯೂ ಪೂರಾ ಸಲೀಸಲ್ಲ, ಒಪ್ಪುತ್ತೇನೆ. ಬೀಟೆ ಜಾತಿಯ ಮರಗಳನ್ನು ಉಳಿಸುವ ಸದುದ್ದೇಶದಿಂದ 2017ರಲ್ಲಿ ಆ ಇಡೀ ಕುಲವನ್ನೇ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದರು. ಆ ಮರದಲ್ಲಿ ಮಾಡಿದ ಗಿಟಾರುಗಳೆಲ್ಲ ಕಂಗಾಲು. ಮೂರು ವರ್ಷ ತುಂಬುವ ಮೊದಲೇ ತಪ್ಪು ತಿದ್ದಿಕೊಂಡು, ಬ್ರೆಜಿಲಿನ ಬೀಟೆಯೊಂದನ್ನು ಬಿಟ್ಟು, ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಮರದ ಅಹವಾಲಿಗೆ ಅಷ್ಟು ಬೇಗ ಕಿವಿಗೊಡುತ್ತಾರೆ. ನಾವು ಹುಟ್ಟುವಾಗಲೇ ಸ್ವಲ್ಪ ಯೋಚಿಸಬೇಕಿತ್ತು.

ಇನ್ನು ನಟನ ಪಾಡು ನೋಡಿ. ಬಣ್ಣ ಬಳಿದು ಕಿರೀಟ ಇಟ್ಟರೆ ಸಾವಿರ ಜನ ಅವನನ್ನು ರಾಜನೆಂದೇ ನಂಬುತ್ತಾರೆ. ಅದೇ ಮನುಷ್ಯ ಬಣ್ಣ ತೊಳೆದುಕೊಂಡು ವೀಸಾ ಕೌಂಟರಿನ ಮುಂದೆ ನಿಂತು ‘ನಾಟಕ ಮುಗಿದ ಮೇಲೆ ಮನೆಗೆ ಹೋಗುತ್ತೇನೆ ಸ್ವಾಮಿ’ ಎಂದರೆ ಗಾಜಿನಾಚೆಯ ಒಬ್ಬರೂ ನಂಬುವುದಿಲ್ಲ. ಷೆಂಗೆನ್ ನಿರಾಕರಣೆಗೆ ಅಚ್ಚು ಹಾಕಿಟ್ಟ ನಮೂನೆಯೇ ಇದೆ. ವೀಸಾ ಅವಧಿ ಮುಗಿಯುವುದರೊಳಗೆ ನೀವು ಹೊರಡುತ್ತೀರಿ ಎಂಬುದರ ಬಗ್ಗೆ ಸಕಾರಣವಾದ ಸಂಶಯವಿದೆ, ಎಂಬರ್ಥದ ಸಾಲಿನ ಪಕ್ಕದ ಚೌಕಕ್ಕೆ ಒಂದು ಗುರುತು. ಅಷ್ಟೇ ವಿಮರ್ಶೆ. 2024ರಿಂದ ಶುಲ್ಕ 90 ಯೂರೋ, ನಿರಾಕರಿಸಿದರೆ ವಾಪಸ್ಸಿಲ್ಲ. ರಂಗಮಂದಿರದವರೂ ಟಿಕೆಟ್ ಹಣ ವಾಪಸ್ಸಿಲ್ಲ ಎಂದು ಬೋರ್ಡು ಹಾಕುತ್ತಾರೆ, ಆದರೆ ಪಾಪ, ನಾಟಕವನ್ನಾದರೂ ತೋರಿಸುತ್ತಾರೆ.

ಅಮೆರಿಕದ್ದು ಇನ್ನೂ ರಸವತ್ತಾದ ಪ್ರಕರಣ. ಅಲ್ಲಿ ‘ಅಸಾಧಾರಣ ಸಾಮರ್ಥ್ಯ’ದವರಿಗೆ ಓ-1 ಎಂಬ ವೀಸಾ. ಪುರಾವೆಗೆ ಏನು ತರಬೇಕು? ನಿಯಮದಲ್ಲೇ ಉದಾಹರಣೆ ಇದೆ: ಆಸ್ಕರ್, ಎಮ್ಮಿ, ಗ್ರ್ಯಾಮಿ. ಮನೆಯ ಷೋಕೇಸಿನಲ್ಲಿ ಅವು ಇಲ್ಲದಿದ್ದರೆ ಬೇರೆ ದಾಖಲೆಗಳ ಮೂಟೆ ಹೊರಬೇಕು. ಪಿ-3 ಎಂಬ ಇನ್ನೊಂದು ಬಾಗಿಲೂ ಇದೆ, ನಿಮ್ಮ ಕಲೆ ‘ಸಾಂಸ್ಕೃತಿಕವಾಗಿ ಅನನ್ಯ’ವಾಗಿದ್ದರೆ ಮಾತ್ರ ತೆರೆಯುತ್ತದೆ. ಅರ್ಜೆಂಟೀನಾದ ಒಂದು ವಾದ್ಯವೃಂದ ಈ ಬಾಗಿಲು ತಟ್ಟಿತು. ಪೂರ್ವ ಯುರೋಪಿನ ಯಹೂದಿಗಳ ಕ್ಲೆಜ್ಮರ್ ಸಂಗೀತಕ್ಕೆ ಲ್ಯಾಟಿನ್ ಅಮೆರಿಕದ ಲಯ ಬೆರೆಸಿ ನುಡಿಸುವವರು. ಅರ್ಜಿ ತಿರಸ್ಕೃತ! ಬೆರಕೆ ಸಂಗೀತ ಯಾವೊಂದು ಸಂಸ್ಕೃತಿಯ ಸ್ವತ್ತು ಎಂಬುದೇ ಅಧಿಕಾರಿಯ ತಕರಾರು. ಸಂಸ್ಕೃತಿ ವಿನಿಮಯಕ್ಕೆ ಬನ್ನಿ, ಆದರೆ ಮೊದಲೇ ವಿನಿಮಯ ಮಾಡಿಕೊಂಡು ಬರಬೇಡಿ! ಕೊನೆಗೆ 2012ರಲ್ಲಿ ಮೇಲ್ಮನವಿ ಕಚೇರಿ ಆ ತೀರ್ಮಾನವನ್ನು ತಳ್ಳಿಹಾಕಿ, ಬೆರಕೆಯೂ ಅನನ್ಯವಾಗಿರಬಹುದು ಎಂದು ತೀರ್ಪು ಬರೆಯಿತು. ಸಂಗೀತ ವಿಮರ್ಶಕರಿಗೆ ಅಷ್ಟು ದಿನ ಹೊಳೆಯದೆ ಇದ್ದದ್ದೇನಲ್ಲ. ಅವರ ಹತ್ತಿರ ಠಸ್ಸೆ ಇರಲಿಲ್ಲ, ಅಷ್ಟೇ.

ಹಾಗೆಂದು ಜಗತ್ತು ಸುಮ್ಮನೆ ಕೂತಿಲ್ಲ. ಯುನೆಸ್ಕೋದ 2005ರ ಒಪ್ಪಂದದ 16ನೇ ವಿಧಿ ಓದಿದರೆ ಕಣ್ಣು ಒದ್ದೆಯಾಗುತ್ತದೆ. ಅಭಿವೃದ್ಧಿಶೀಲ ದೇಶಗಳ ಕಲಾವಿದರಿಗೆ ಶ್ರೀಮಂತ ದೇಶಗಳು ಆದ್ಯತೆಯ ಉಪಚಾರ ಕೊಡಬೇಕು ಎನ್ನುತ್ತದೆ ಅದು. ಉಪಚಾರ ಸಿಗುತ್ತಲೂ ಇದೆ. ಈ ವಿಷಯದ ಮೇಲೆ ವಿಚಾರ ಸಂಕಿರಣಗಳಾಗುತ್ತವೆ, ಮಂತ್ರಿಗಳು, ಸಲಹೆಗಾರರು, ಸಲಹೆಗಾರರ ಸಲಹೆಗಾರರು ವಿಮಾನ ಹತ್ತಿ ಹೋಗಿ ಕಲಾವಿದರ ಸಂಚಾರದ ಬಗ್ಗೆ ಗದ್ಗದಿತರಾಗುತ್ತಾರೆ. ಕಲಾವಿದ ಬರಲಾಗದಿದ್ದರೆ ಅಡ್ಡಿಯಿಲ್ಲ, ಪರದೆಯ ಮೇಲೆ ಅವನ ಮುಖ ತೋರಿಸಿ ಚಪ್ಪಾಳೆ ತಟ್ಟಿದರಾಯಿತು. ಮ್ಯೂಟ್ ತೆಗೆಯಲು ಯಾರಾದರೂ ನೆನಪಿಟ್ಟುಕೊಂಡರೆ ಅವನ ಮಾತೂ ಕೇಳೀತು.

ನಿಯಮ, ನಮೂನೆ, ಕೌಂಟರು ಯಾವುದರ ಕಾಟವೂ ಇಲ್ಲದೆ ದೂರ ಹೋದವರೂ ಇದ್ದಾರೆ. 1977ರಲ್ಲಿ ಹೊರಟ ವಾಯೇಜರ್-1 ಬಾಹ್ಯಾಕಾಶ ನೌಕೆಯ, ಚಿನ್ನ ಲೇಪಿಸಿದ ಧ್ವನಿಮುದ್ರಿಕೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿಯಿದೆ. 2012ರಲ್ಲಿ ಆ ದನಿ ಸೂರ್ಯನ ಮಾರುತದ ಎಲ್ಲೆಯನ್ನೂ ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಹೋಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದವರಿಲ್ಲ, ವಾಪಸ್ ಟಿಕೆಟ್ ಕೇಳಿದವರಿಲ್ಲ. ಕೇಳಿದ್ದರೆ ಆಗಲೇ ತಡೆಯುತ್ತಿದ್ದರು, ಅದಕ್ಕೆ ವಾಪಸ್ ಟಿಕೆಟ್ಟೇ ಇಲ್ಲ. ಆ ಹಾಡಿನ ಮೊದಲ ಮಾತು ಮಾತ್ರ ಯಾವುದೋ ಕೌಂಟರಿನಿಂದಲೇ ಎತ್ತಿಕೊಂಡಂತಿದೆ: ‘ಜಾತ್ ಕಹಾಂ ಹೋ?’ ಎಲ್ಲಿಗೆ ಹೊರಟೆ?