ತುದಿಗೆ ಓಡುವ ಮುಂಚೆ ಸ್ವಲ್ಪ ಪಕ್ಕಕ್ಕೆ ಬನ್ನಿ

ಕಡಲಿಗೆ ಚಾಚಿಕೊಂಡ ಕಲ್ಲುಗುಡ್ಡಕ್ಕೆ, ಅದೇ ಶಾಲೆಯಲ್ಲಿ ಭೂಶಿರ ಅಂತ ಓದಿದ್ದೇವಲ್ಲ ಅದಕ್ಕೆ, ಹೋದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಗಾಡಿ ನಿಲ್ಲಿಸುತ್ತಾರೆ, ನೇರ ತುದಿಗೆ ನಡೆಯುತ್ತಾರೆ, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ "ಸಖತ್ ಗಾಳಿ ಮಾರಾಯ" ಅಂತ ವಾಪಸ್. ಯಾರು ಏನೇ ಅನ್ನಲಿ, ಆ ಇಡೀ ಗುಡ್ಡದಲ್ಲಿ ನೋಡಲಿಕ್ಕೆ ಏನೂ ಸಿಗದ ಜಾಗ ಅಂದರೆ ಆ ತುದಿಯೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ. ತುದಿಯಲ್ಲಿ ನಿಂತರೆ ಎದುರಿಗೆ ಕಾಣುವುದು ನೀರು, ಆಕಾಶ, ನಡುವೆ ಒಂದು ಗೆರೆ. ಅದು ಯಾವ ಮರಳ ದಂಡೆಯಿಂದ ನೋಡಿದರೂ ಕಾಣುತ್ತದೆ. ನೀವು ಅಷ್ಟು ದೂರ ಬಂದಿದ್ದು ಯಾವ ಬಂಡೆ ನೋಡಲಿಕ್ಕೋ ಅದು ನಿಮ್ಮ ಕಾಲಡಿ ಇರುತ್ತದೆ. ದೀಪದ ಕೆಳಗೆ ಕತ್ತಲು ಅಂತಾರಲ್ಲ, ಹಾಗೆ. ಅದರ ಗೋಡೆ, ಗುಹೆ, ಬಿರುಕು, ಬಣ್ಣ, ಅದಕ್ಕೆ ಬಡಿಯುವ ಅಲೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಕೊಲ್ಲಿಯ ಕಡೆಗೆ ಹತ್ತು ನಿಮಿಷ ನಡೆದು, ಅಲ್ಲಿಂದ ತಿರುಗಿ ಗುಡ್ಡವನ್ನು ನೋಡಿ. ಆಗ ಗೊತ್ತಾಗುತ್ತದೆ ಎಲ್ಲಿಗೆ ಬಂದಿದ್ದೇವೆ ಅಂತ.

ಅಲ್ಲಿಂದ ಮೊದಲು ಗಮನಿಸಬೇಕಾದ್ದು ಅಲೆಗಳ ಸಾಲು. ದೂರದಲ್ಲಿ ಅವು ನೇರವಾಗಿಯೇ ಬರುತ್ತಿರುತ್ತವೆ. ಗುಡ್ಡ ಹತ್ತಿರವಾದಂತೆ ಬಾಗುತ್ತವೆ. ಗುಡ್ಡದ ಮುಂದೆ ನೀರಿನೊಳಗೂ ಕಲ್ಲು ಚಾಚಿಕೊಂಡಿರುತ್ತದೆ, ಅಲ್ಲಿ ಆಳ ಕಡಿಮೆ. ಆಳ ಕಡಿಮೆಯಾದರೆ ಅಲೆಯ ವೇಗ ಕುಗ್ಗುತ್ತದೆ. ಕೊಲ್ಲಿಯ ಎದುರಿನ ಭಾಗ ಮಾತ್ರ ಆಳದ ನೀರಿನಲ್ಲಿ ಮೊದಲಿನ ವೇಗದಲ್ಲೇ ಮುಂದೆ ಸಾಗುತ್ತದೆ. ಹೀಗಾಗಿ ಒಂದೇ ಅಲೆ ಮಡಚಿಕೊಂಡು ಗುಡ್ಡವನ್ನು ಮೂರೂ ಕಡೆಯಿಂದ ಸುತ್ತುತ್ತದೆ. ಕಡಲಿನ ಬಲವೆಲ್ಲ ಬಂದು ಗುಡ್ಡದ ಮೇಲೆ ಬೀಳುತ್ತದೆ, ಕೊಲ್ಲಿಗೆ ಬರುವ ಅಲೆ ಹರಡಿಕೊಂಡು ಮೆತ್ತಗಾಗುತ್ತದೆ. ಕೊಲ್ಲಿಯಲ್ಲಿ ಮರಳು ನಿಲ್ಲುವುದಕ್ಕೂ ಗುಡ್ಡದ ಬುಡದಲ್ಲಿ ಬರೀ ಕಲ್ಲು ಉಳಿಯುವುದಕ್ಕೂ ಇದೇ ಕಾರಣ. ನಾವು ಸುಮ್ನೆ "ಪ್ರಶಾಂತ ಬೀಚ್" ಅಂತ ಮಲಗುತ್ತೇವಲ್ಲ, ಅದರ ಪಾಲಿನ ಏಟನ್ನೂ ಪಕ್ಕದ ಗುಡ್ಡ ತಿನ್ನುತ್ತಿರುತ್ತದೆ.

ಇನ್ನೊಂದು ತಮಾಷೆ ನೋಡಿ. ಗುಡ್ಡ ಮುಂದಕ್ಕೆ ಚಾಚಿದೆ ಅಂತ ನಾವು ಹೇಳುತ್ತೇವೆ. ಹೆಚ್ಚಿನ ಕಡೆ ಅದು ಎಲ್ಲಿಗೂ ಚಾಚಿಲ್ಲ, ಇದ್ದಲ್ಲೇ ಇದೆ. ಅಕ್ಕಪಕ್ಕದ ಮೆದು ಕಲ್ಲು, ಜೇಡಿ ಎಲ್ಲ ಕರಗಿ ಹಿಂದೆ ಸರಿದು ಕೊಲ್ಲಿಯಾಯಿತು, ಗಟ್ಟಿ ಕಲ್ಲು ಉಳಿದುಕೊಂಡಿತು. ಈಗ ಉಳಿದಿದ್ದಕ್ಕೇ ಜಾಸ್ತಿ ಏಟು ಬೀಳುತ್ತಿದೆ.

ಪಕ್ಕದಿಂದ ನೋಡಬೇಕು ಅಂತ ನಾನು ಹಠ ಹಿಡಿಯುವುದಕ್ಕೆ ಒಂದು ಹಳೆಯ ಕಥೆಯ ಬೆಂಬಲವೂ ಇದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಿಕ್ಕರ್ ಪಾಯಿಂಟ್ ಅಂತ ಒಂದು ಕಲ್ಲುಗುಡ್ಡ. 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್, ಅವರ ಗೆಳೆಯರಾದ ಜಾನ್ ಪ್ಲೇಫೇರ್, ಜೇಮ್ಸ್ ಹಾಲ್ ಮೂವರೂ ದೋಣಿಯಲ್ಲಿ ಕೂತು ಕರಾವಳಿ ಉದ್ದಕ್ಕೂ ನೋಡುತ್ತಾ ಅಲ್ಲಿಗೆ ಬಂದರು. ಬಂಡೆಯ ಬುಡದಲ್ಲಿ ಬೂದು ಕಲ್ಲಿನ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ, ಅದರ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ತುಸು ವಾಲಿ ಅಡ್ಡ ಮಲಗಿವೆ. ಅಡ್ಡ ಕೂತ ಕೆಸರು ಕಲ್ಲಾಗಿ, ಮಡಚಿ ನೆಟ್ಟಗಾಗಿ, ಮೇಲೆದ್ದು, ಸವೆದು, ಆ ಸವೆದ ಮೈ ಮೇಲೆ ಮತ್ತೆ ಮರಳು ಬಿದ್ದು ಕಲ್ಲಾಗಬೇಕು. ಇಷ್ಟೆಲ್ಲ ನಡೆಯಲಿಕ್ಕೆ ಕೆಲವು ಸಾವಿರ ವರ್ಷ ಸಾಲುವುದಿಲ್ಲ ಅಂತ ಹಟನ್ ಮೊದಲಿನಿಂದ ವಾದಿಸುತ್ತಿದ್ದರು, ಅದಕ್ಕೆ ಅಲ್ಲಿ ಕಣ್ಣೆದುರೇ ಸಾಕ್ಷಿ ಸಿಕ್ಕಿತು. ಎರಡೂ ಕಲ್ಲುಗಳ ನಡುವಿನ ಅಂತರ ಕೋಟಿಗಟ್ಟಲೆ ವರ್ಷದ್ದು ಅಂತ ಈಗ ನಮಗೆ ಗೊತ್ತು. ಕಾಲದ ಅಷ್ಟು ಆಳಕ್ಕೆ ಇಣುಕಿ ತಲೆ ಸುತ್ತಿದಂತಾಯಿತು ಅಂತ ಪ್ಲೇಫೇರ್ ಆಮೇಲೆ ಬರೆದರು. ಅವರು ಮೇಲಿನ ಹುಲ್ಲಿನ ಅಂಚಿನಲ್ಲಿ ನಿಂತು ಕಡಲು ನೋಡಿ ಹೋಗಿದ್ದರೆ ಇದೊಂದೂ ಕಾಣುತ್ತಿರಲಿಲ್ಲ.

ಎತ್ತರದ ತುದಿಯ ಮೋಹಕ್ಕೆ ಲೈಟ್‌ಹೌಸ್ ಕಟ್ಟುವವರೂ ಬಿದ್ದಿದ್ದಾರೆ, ಇದು ನನಗೆ ಬಹಳ ಇಷ್ಟದ ಉದಾಹರಣೆ. ದಕ್ಷಿಣ ಆಫ್ರಿಕಾದ ಕೇಪ್ ಪಾಯಿಂಟ್‌ನಲ್ಲಿ 1860ರಲ್ಲಿ ದೀಪ ಹಚ್ಚಿದ್ದು ಸಮುದ್ರದಿಂದ 200 ಮೀಟರಿಗೂ ಮೇಲೆ, ಗುಡ್ಡದ ನೆತ್ತಿಯಲ್ಲಿ. ಎತ್ತರ ಇದ್ದರೆ ದೂರಕ್ಕೆ ಕಾಣುತ್ತದೆ ಅನ್ನುವ ಲೆಕ್ಕ. ಆದರೆ ಅಷ್ಟು ಎತ್ತರದಲ್ಲಿ ಮೋಡ, ಮಂಜು ಮುಸುಕುವುದೇ ಜಾಸ್ತಿ. ನಿಜಕ್ಕೂ ಬೇಕಾದಾಗಲೇ ದೀಪ ಕಾಣುತ್ತಿರಲಿಲ್ಲ. 1911ರಲ್ಲಿ ಲುಸಿಟೇನಿಯಾ ಅನ್ನುವ ಪೋರ್ಚುಗೀಸ್ ಹಡಗು (ಯುದ್ಧದಲ್ಲಿ ಮುಳುಗಿದ ಆ ಪ್ರಸಿದ್ಧ ಹಡಗಲ್ಲ, ಅದೇ ಹೆಸರಿನ ಬೇರೊಂದು) ಅಲ್ಲೇ ಬಂಡೆಗೆ ಬಡಿಯಿತು. ಆಮೇಲೆ ಬುದ್ಧಿ ಬಂದು ಕೆಳಗೆ, ಸುಮಾರು 87 ಮೀಟರ್ ಎತ್ತರದಲ್ಲಿ, ಹೊಸ ಲೈಟ್‌ಹೌಸ್ ಕಟ್ಟಿದರು. ಪ್ರವಾಸಿಗರು ಇವತ್ತಿಗೂ ಹತ್ತುವುದು ಮೇಲಿನ ಹಳೆಯದನ್ನೇ!

ಇಂಗ್ಲೆಂಡಿನ ದಕ್ಷಿಣದ ಬೀಚಿ ಹೆಡ್‌ನಲ್ಲೂ ಇದೇ ಕಥೆ. ಸೀಮೆಸುಣ್ಣದ ಬಿಳಿ ಕಲ್ಲಿನ ಗೋಡೆ ಅದು, 160 ಮೀಟರಿಗೂ ಎತ್ತರ. ಮೇಲಿದ್ದ ಬೆಲ್ ಟೂಟ್ ಲೈಟ್‌ಹೌಸ್ ಮಂಜಿಗೆ ಸಿಕ್ಕಿ ಉಪಯೋಗಕ್ಕೆ ಬರದೆ, 1902ರಲ್ಲಿ ಕೆಳಗೆ ನೀರಿನಲ್ಲೇ ಇನ್ನೊಂದು ಕಟ್ಟಬೇಕಾಯಿತು. ಕೆಲಸವಿಲ್ಲದೆ ಉಳಿದ ಹಳೆ ಕಟ್ಟಡದ ಕಡೆಗೆ ಅಂಚು ಕುಸಿಯುತ್ತಾ ಬಂತು. ಎಷ್ಟು ಹತ್ತಿರ ಬಂತು ಅಂದರೆ, 1999ರಲ್ಲಿ ಇಡೀ ಕಟ್ಟಡವನ್ನು ಜಾಕ್ ಹಾಕಿ ಎತ್ತಿ 17 ಮೀಟರ್ ಹಿಂದಕ್ಕೆ ಸರಿಸಿದರು. ಒಡೆಯದೆ, ಹಾಗೇ!

ಕಲ್ಲು ಅಂದರೆ ಶಾಶ್ವತ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗುಡ್ಡದ ಹತ್ತಿರ ಕಿವಿಗೊಟ್ಟು ಕೇಳಿ, ಅಲೆ ಬಡಿದಾಗ ಒಳಗೆಲ್ಲೋ ಗುಡುಂ ಅಂತ ಒಂದು ಸದ್ದು ಬರುತ್ತದೆ. ಬಿರುಕಿನೊಳಗೆ ಸಿಕ್ಕಿಬಿದ್ದ ಗಾಳಿಯನ್ನು ನೀರು ಒತ್ತುತ್ತದೆ, ಅಲೆ ಹಿಂದೆ ಸರಿದ ಕೂಡಲೇ ಅದು ಒಮ್ಮೆಲೇ ಹಿಗ್ಗುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗಾದರೆ ಯಾವ ಕಲ್ಲು ತಡೆಯುತ್ತದೆ? ಬಿರುಕು ಗುಹೆಯಾಗುತ್ತದೆ. ಗುಹೆ ಆಚೆ ಬದಿಗೆ ತೂತಾದರೆ ಕಮಾನು. ಕಮಾನಿನ ನೆತ್ತಿ ಬಿದ್ದರೆ ಕಡಲಲ್ಲಿ ಒಂಟಿ ಕಂಬ. ಕಂಬ ಒಂದು ದಿನ ಮೋಟಾಗುತ್ತದೆ. ಇದು ಪುಸ್ತಕದಲ್ಲಿ ನಿಧಾನವಾದ ವಿಷಯ, ಬೀಳುವುದು ಮಾತ್ರ ಒಂದೇ ಗಳಿಗೆಯಲ್ಲಿ. ಮಾಲ್ಟಾದ ಪ್ರಸಿದ್ಧ ಅಜುರ್ ವಿಂಡೋ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಪೂರ್ತಿ ಕುಸಿಯಿತು. ಆಸ್ಟ್ರೇಲಿಯಾದ 'ಹನ್ನೆರಡು ಅಪೊಸಲರು' ಅನ್ನುವ ಕಂಬಗಳಲ್ಲಿ (ಹನ್ನೆರಡು ಇರಲೇ ಇಲ್ಲ, ಅದು ಹೆಸರಿಗಷ್ಟೇ) ಸುಮಾರು 50 ಮೀಟರ್ ಎತ್ತರದ ಒಂದು 2005ರ ಜುಲೈನಲ್ಲಿ ನೋಡನೋಡುತ್ತಿದ್ದಂತೆ ಪುಡಿಯಾಯಿತು. ಅದೇ ಕರಾವಳಿಯಲ್ಲಿ ಎರಡು ಕಮಾನಿನ ಸೇತುವೆಯಂಥ ಬಂಡೆ ಇತ್ತು. 1990ರ ಜನವರಿ 15ರಂದು ಇಬ್ಬರು ಅದರ ಮೇಲೆ ನಡೆದು ಆಚೆ ತುದಿಗೆ ಹೋಗಿದ್ದರು, ಹಿಂದಿನ ಕಮಾನು ಕುಸಿದು ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವರನ್ನು ಹೆಲಿಕಾಪ್ಟರ್ ತಂದು ಇಳಿಸಬೇಕಾಯಿತು.

ಅಂಚಿನ ಬಗ್ಗೆ ನನಗೆ ಸಿಟ್ಟು ಬರುವುದು ಇಲ್ಲೇ. ಮೇಲೆ ನಿಂತವರಿಗೆ ಕಾಲಡಿ ಹುಲ್ಲು ಕಾಣುತ್ತದೆ, ಹುಲ್ಲಿನ ಕೆಳಗೆ ಕಲ್ಲಿದೆಯೋ ಬರೀ ಗಾಳಿಯಿದೆಯೋ ಕಾಣುವುದಿಲ್ಲ. ಪಕ್ಕದಿಂದ ನೋಡಿದವರಿಗೆ ಮಾತ್ರ ಅಂಚು ಹೇಗೆ ಹೊರಚಾಚಿ ನೇತಾಡುತ್ತಿದೆ ಅಂತ ತಿಳಿಯುತ್ತದೆ. ಅದನ್ನು ಹೇಳಿದರೆ "ಇಷ್ಟು ಜನ ನಿಂತಿದ್ದಾರೆ, ನಮಗೇನಾಗುತ್ತೆ ಬಿಡಿ" ಅನ್ನುವ ಉತ್ತರ. ಇಷ್ಟು ಜನ ನಿಂತಿದ್ದಾರೆ ಅನ್ನುವುದೇ ಭಯದ ವಿಷಯ ಅಲ್ವಾ?

ಕೆಳಗಿನ ಬಂಡೆಗಳದ್ದು ಇನ್ನೊಂದು ರಗಳೆ. ಆಕಾಶ ಶುಭ್ರವಾಗಿದೆ, ಗಾಳಿಯೂ ಇಲ್ಲ, ಆದ್ದರಿಂದ ಕಡಲು ಸುಮ್ಮನಿದೆ ಅಂತ ಜನ ತಿಳಿಯುತ್ತಾರೆ. ಇವತ್ತು ಇಲ್ಲಿಗೆ ಬರುವ ದೊಡ್ಡ ಅಲೆ ಸಾವಿರಾರು ಕಿಲೋಮೀಟರ್ ಆಚೆ ಕೆಲವು ದಿನದ ಹಿಂದೆ ಎದ್ದ ಬಿರುಗಾಳಿಯದ್ದಾಗಿರಬಹುದು. ಮೇಲಾಗಿ ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ, ಗುಂಪು ಗುಂಪಾಗಿ ಬರುತ್ತವೆ. ಹವಾಮಾನದವರು 2 ಮೀಟರ್ ಅಲೆ ಅಂದರೆ ಅದು ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಅವುಗಳ ಮಧ್ಯೆ ಅದರ ಎರಡರಷ್ಟು ಎತ್ತರದ್ದೂ ಒಂದು ಬರಬಹುದು. ಐದು ನಿಮಿಷ ನೋಡಿ "ಇಲ್ಲಿವರೆಗೆ ನೀರು ಬರಲ್ಲ" ಅಂತ ತೀರ್ಮಾನಿಸಿದವರಿಗೆ ಆ ಒಂದು ಅಲೆ ಲೆಕ್ಕದಲ್ಲೇ ಇರುವುದಿಲ್ಲ. ಕನಿಷ್ಠ ಇಪ್ಪತ್ತು ನಿಮಿಷವಾದರೂ ದೂರ ನಿಂತು ನೋಡಿ, ಆಮೇಲೂ ನೀರಿಗೆ ಬೆನ್ನು ಹಾಕಬೇಡಿ. ಕಲ್ಲು ಕಪ್ಪಗೆ ಒದ್ದೆಯಾಗಿದ್ದರೆ, ಪಾಚಿ ಹಿಡಿದಿದ್ದರೆ, ಅಲ್ಲಿಗೆ ಕಡಲು ಬಂದುಹೋಗುತ್ತದೆ ಅಂತಲೇ ಅರ್ಥ, ಅದನ್ನು ಯಾರೂ ಬೋರ್ಡ್ ಹಾಕಿ ಹೇಳಬೇಕಾಗಿಲ್ಲ. 2011ರಿಂದ 2017ರವರೆಗೆ ಪತ್ರಿಕೆಗಳಲ್ಲಿ ವರದಿಯಾದ ಸೆಲ್ಫಿ ಸಾವುಗಳನ್ನು ಒಂದು ಅಧ್ಯಯನ ಒಟ್ಟು ಮಾಡಿತ್ತು. 259 ಜನ. ಅದರಲ್ಲಿ ಮೊದಲ ಸ್ಥಾನ ನೀರಿನಲ್ಲಿ ಮುಳುಗಿದ್ದಕ್ಕೆ. ಇದನ್ನು ಓದಿದ ಮೇಲೂ ಒದ್ದೆ ಬಂಡೆಯ ಮೇಲೆ ಮಗುವನ್ನು ನಿಲ್ಲಿಸಿ "ಇನ್ನೊಂದು ಹೆಜ್ಜೆ ಹಿಂದೆ ಹೋಗು" ಅನ್ನುವವರಿಗೆ ನಾನು ಏನು ಹೇಳಲಿ.

ಹಾಗಂತ ಕೆಳಗೆ ಇಳಿಯಲೇಬೇಡಿ ಅನ್ನುತ್ತಿಲ್ಲ. ಇಳಿಯುವ ಹೊತ್ತು ನೋಡಿಕೊಳ್ಳಿ. ಹೆಚ್ಚಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಕಡಲು ಶಾಂತವಿರುವ ದಿನ, ಪೂರ್ತಿ ಇಳಿತಕ್ಕೆ ಒಂದು ಗಂಟೆ ಮುಂಚೆ ಹೋಗಿ, ಇಳಿತ ಮುಗಿಯುತ್ತಿದ್ದಂತೆ ಮೇಲೆ ಬನ್ನಿ. ಏರುವ ನೀರು ಶುರುವಿನಲ್ಲಿ ನಿಧಾನ, ಮಧ್ಯದ ಎರಡು ಗಂಟೆಯಲ್ಲಿ ಸರ್ರನೆ ಏರುತ್ತದೆ. ಹಿಂದಿನ ದಾರಿ ಮುಚ್ಚಿಹೋಗುವುದು ಆಗಲೇ.

ಆ ಹೊತ್ತಿನಲ್ಲಿ ಬಂಡೆಯ ಮೈ ಮೇಲೆ ಪಟ್ಟೆಗಳು ಎದ್ದು ಕಾಣುತ್ತವೆ. ಮೇಲೆ ಉಪ್ಪಿನ ಹನಿ ಮಾತ್ರ ತಾಗುವ ಕಡೆ ಒಂದು ಬಣ್ಣ, ಅದರ ಕೆಳಗೆ ಬಾರ್ನಕಲ್ ಅನ್ನುವ, ಕಲ್ಲಿಗೆ ಅಂಟಿಕೊಂಡು ಮುಟ್ಟಿದರೆ ಚುಚ್ಚುವ ಪುಟ್ಟ ಚಿಪ್ಪುಜೀವಿಗಳ ಬೂದು ಪಟ್ಟೆ, ಅದಕ್ಕೂ ಕೆಳಗೆ ಕಪ್ಪು ಚಿಪ್ಪುಗಳು, ಕಡಲ ಪಾಚಿ. ಎಷ್ಟು ಹೊತ್ತು ನೀರಿಲ್ಲದೆ ಬದುಕಬಲ್ಲೆ ಅನ್ನುವುದರ ಮೇಲೆ ಪ್ರತಿಯೊಂದೂ ತನ್ನ ಜಾಗ ಹಿಡಿದುಕೊಂಡಿರುತ್ತದೆ. ನನ್ನ ಮೆಚ್ಚಿನದು ಲಿಂಪೆಟ್, ಟೋಪಿ ಮಗುಚಿಟ್ಟಂಥ ಚಿಪ್ಪಿನ ಒಂದು ಬಸವನಹುಳು. ನೀರು ಬಂದಾಗ ಪಾಚಿ ಕೆರೆದು ತಿನ್ನುತ್ತಾ ತಿರುಗಾಡುತ್ತದೆ, ನೀರು ಇಳಿಯುವ ಮುಂಚೆ ಹೊರಟ ಜಾಗಕ್ಕೇ ವಾಪಸ್ ಬಂದು ಅಂಟಿಕೊಳ್ಳುತ್ತದೆ. ಹಲವು ಜಾತಿಗಳಲ್ಲಿ ಕಲ್ಲಿನ ಮೇಲೆ ಅದರ ಚಿಪ್ಪಿನ ಅಳತೆಗೇ ಗುಳಿ ಬಿದ್ದಿರುತ್ತದೆ. ಅದರ ಹಲ್ಲು ಆವರೆಗೆ ಗೊತ್ತಿದ್ದ ಜೀವಿಗಳ ವಸ್ತುಗಳಲ್ಲೇ ಅತಿ ಗಟ್ಟಿ ಅಂತ 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದು ಹೇಳಿದರು. ಕಲ್ಲನ್ನೇ ಕೆರೆಯುವ ಪ್ರಾಣಿ ಅದು, ಗಟ್ಟಿ ಇರದೆ ಇನ್ನೇನು. ದಯವಿಟ್ಟು ಅದನ್ನು ಕಾಲಿನಿಂದ ಒದ್ದು ಕೀಳಬೇಡಿ, ಹಾಗೆ ಮಾಡುವವರನ್ನು ನೋಡಿದ್ದೇನೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಇಂಥ ಜಾಗದಲ್ಲಿ ಕಟಕಟೆ, ಅಟ್ಟಣಿಗೆ ಕಟ್ಟಿದರೆ ನಿಸರ್ಗ ಹಾಳಾಯಿತು ಅಂತ ಕೂಗುವ ಗುಂಪೊಂದಿದೆ. ನನಗೂ ಸಿಮೆಂಟ್ ಅಂದರೆ ಇಷ್ಟವಿಲ್ಲ. ಗುಡ್ಡದ ನೆತ್ತಿಯಲ್ಲಿ ತಂದು ಸುರಿಯುವ ಅಂಗಡಿ, ಗಾಜಿನ ಸೇತುವೆ, ಬಣ್ಣದ ದೀಪ ಯಾವುದೂ ಬೇಡ. ಆದರೆ ಕೆನಡಾದ ಪೆಗ್ಗೀಸ್ ಕೋವ್ ನೋಡಿ. ಗ್ರಾನೈಟ್ ಬಂಡೆ, ಲೈಟ್‌ಹೌಸ್, ಅಬ್ಬರದ ಅಲೆ. ಕಪ್ಪು ಬಂಡೆಯ ಮೇಲೆ ಕಾಲಿಡಬೇಡಿ ಅಂತ ಬೋರ್ಡ್ ಇದ್ದರೂ ಜನ ಕೊಚ್ಚಿಹೋಗುತ್ತಲೇ ಇದ್ದರು. 2021ರಲ್ಲಿ ಅಲ್ಲಿ ಲೈಟ್‌ಹೌಸ್ ಹತ್ತಿರ ಒಂದು ಅಟ್ಟಣಿಗೆ ಕಟ್ಟಿದರು. ವೀಲ್‌ಚೇರಿನಲ್ಲಿ ಬಂದವರೂ ಅಲ್ಲಿಂದ ಅಲೆ ನೋಡಬಹುದು. ಅದು ನೋಟ ಕೆಡಿಸಿತು ಅಂತ ಬೇಸರ ಮಾಡಿಕೊಂಡವರೂ ಇದ್ದರು. ಮಂಡಿ ನೋವಿನ ಅಜ್ಜಿ, ಊರುಗೋಲು ಹಿಡಿದವರು, ಕಂಕುಳಲ್ಲಿ ಕೂಸಿರುವ ತಾಯಿ ಇವರೆಲ್ಲ ಕಾರಿನಲ್ಲೇ ಕೂತಿರಬೇಕು, ಗಟ್ಟಿ ಕಾಲಿನವರು ಮಾತ್ರ ಬಂಡೆ ಹತ್ತಿ ಕಡಲು ನೋಡಬೇಕು ಅನ್ನುವುದಾದರೆ ಆ ವಾದ ನನಗೆ ಬೇಡ.

ನನ್ನ ತಕರಾರು ಒಂದೇ. ಕಟ್ಟುವುದಾದರೆ ಅದನ್ನು ತುದಿಯಲ್ಲೇ ಯಾಕೆ ಕಟ್ಟುತ್ತೀರಿ? ಪಕ್ಕದ ಕೊಲ್ಲಿಯ ಬದಿಯಲ್ಲಿ, ಗುಡ್ಡದ ಗೋಡೆ ಪೂರ್ತಿ ಕಾಣುವ ಕಡೆ, ಬೆನ್ನು ಆನಿಸಲಿಕ್ಕೆ ಇರುವ ನಾಲ್ಕು ಬೆಂಚು ಹಾಕಿ. ಕಲ್ಲಿನ ಪದರ ಯಾವುದು, ಉಬ್ಬರ ಇವತ್ತು ಎಷ್ಟು ಗಂಟೆಗೆ ಅಂತ ಒಂದು ಫಲಕ ಇರಲಿ. ಇದಕ್ಕೆ ಖರ್ಚೂ ಕಡಿಮೆ, ಮಂಜೂರು ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ.