ತಿರುಗುತ್ತೆ, ಆದ್ರೆ ಒಣಗಲ್ಲ

ಮೈಸೂರಿನಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಇಟ್ಟುಕೊಂಡವರು ಅದನ್ನು ಊರಿಗೆಲ್ಲ ಹೇಳಿಕೊಂಡು ಓಡಾಡುವುದಿಲ್ಲ. ಹೊಸ ಫ್ರಿಜ್ ಬಂದರೆ ತೋರಿಸಬಹುದು. ಟಿವಿ ಬಂದರಂತೂ ಕರೆದು ಕೂರಿಸಬಹುದು. ಡ್ರೈಯರ್ ತಂದಿದ್ದೇವೆ ಅಂದರೆ ಮಾತ್ರ ಎದುರಿಗಿದ್ದವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. "ನಮ್ಮೂರಲ್ಲಿ ಬಿಸಿಲಿಗೇನು ಬರಗಾಲವಾ?" ಅನ್ನುತ್ತಾರೆ. ಮಾರ್ಚ್ ತಿಂಗಳಲ್ಲಿ ಕೇಳಿದರೆ ಇದಕ್ಕೆ ಉತ್ತರವೇ ಇಲ್ಲ. ತಾರಸಿಯ ಮೇಲೆ ಹಾಕಿದ ಬೆಡ್‌ಶೀಟು ಕೆಳಗಿಳಿದು ಕಾಫಿ ಕುಡಿದು ಹತ್ತುವಷ್ಟರಲ್ಲಿ ಗರಿಗರಿ ಆಗಿರುತ್ತದೆ.

ಅವರು ಆಷಾಢದಲ್ಲಿ ಬಂದು ಕೇಳಬೇಕು. ಚಾಮುಂಡಿ ಬೆಟ್ಟದ ನೆತ್ತಿ ಬೆಳಿಗ್ಗೆಯೇ ಮೋಡದೊಳಗೆ ಹೋಗಿರುತ್ತದೆ. ಬರುವುದು ಮಳೆ ಅನ್ನುವಷ್ಟು ಜೋರಲ್ಲ, ಇಲ್ಲ ಅನ್ನೋಣ ಅಂದರೆ ನಿಲ್ಲುವುದೂ ಇಲ್ಲ. ಶುಕ್ರವಾರ ಬೆಟ್ಟ ಹತ್ತಿ ಬಂದವರ ಬಟ್ಟೆ ಭಾನುವಾರವೂ ಹಸಿ. ಕುರ್ಚಿಯ ಬೆನ್ನಿಗೆ ಟವೆಲು, ಬಾಗಿಲ ಮೇಲೆ ಪಂಚೆ, ಫ್ಯಾನಿನ ಕೆಳಗೆ ಸ್ಟ್ಯಾಂಡು. ಮನೆಯೆಲ್ಲ ಮುಗ್ಗಲು ವಾಸನೆ. ಬಂದ ನೆಂಟರು ಸೋಫಾದಲ್ಲಿ ಕೂರಬೇಕಾದರೆ ಯಾರದೋ ಬನಿಯನ್ ಎತ್ತಿಡಬೇಕು.

ಅಮೆರಿಕದ ನಾರ್ತ್ ಡಕೋಟಾದಲ್ಲಿ ಜೆ. ರಾಸ್ ಮೂರ್ ಅಂತ ಒಬ್ಬರಿದ್ದರು. ಅಲ್ಲಿಯ ಚಳಿಗಾಲದಲ್ಲಿ ಹೊರಗೆ ಹಾಕಿದ ಬಟ್ಟೆ ಒಣಗುವ ಬದಲು ಹೆಪ್ಪುಗಟ್ಟಿ ಹಲಗೆ ಆಗುತ್ತದೆ. ಅವರು ಪಟ್ಟುಹಿಡಿದು ಮಾಡಿದ ಡ್ರೈಯರ್ 1938ರಲ್ಲಿ ಹ್ಯಾಮಿಲ್ಟನ್ ಎಂಬ ಕಂಪನಿಯಿಂದ ಮಾರಾಟಕ್ಕೆ ಬಂತು. ಅದಕ್ಕೆ ಇಟ್ಟ ಹೆಸರು 'ಜೂನ್ ಡೇ'. ಪಾಪ, ಅವರಿಗೆ ಜೂನ್ ಅಂದರೆ ಬಿಸಿಲು. ನಮ್ಮ ಕಡೆ ಆ ಹೆಸರಿಟ್ಟು ಒಂದು ಮೆಷಿನ್ನನ್ನಾದರೂ ಮಾರಿ ನೋಡಲಿ!

ನಮ್ಮನೆಯ ಡ್ರೈಯರ್ ಕೆಟ್ಟದ್ದೂ ಅಂಥದ್ದೇ ಜೂನಿನಲ್ಲಿ. ಕೆಟ್ಟಿತು ಅಂದರೆ ನಿಂತುಹೋಗಲಿಲ್ಲ. ದೀಪ ಹತ್ತುತ್ತಿತ್ತು, ಡ್ರಮ್ ತಿರುಗುತ್ತಿತ್ತು, ಟೈಮರ್ ಓಡುತ್ತಿತ್ತು, ಮುಗಿದಾಗ ಠೀವಿಯಿಂದ ಸದ್ದು ಮಾಡುತ್ತಿತ್ತು. ಬಾಗಿಲು ತೆಗೆದರೆ ಹಾಕಿದಷ್ಟೇ ಒದ್ದೆ, ಜೊತೆಗೆ ತಣ್ಣಗೆ. ಕೆಲಸ ಮಾಡದವರಿಗಿಂತ ಕೆಲಸ ಮಾಡುತ್ತಿರುವ ಹಾಗೆ ಕಾಣುವವರನ್ನು ಹಿಡಿಯುವುದು ಕಷ್ಟ, ಅಲ್ವಾ?

ಮನೆಯ ಸಾಮಾನು ಕೆಟ್ಟ ತಕ್ಷಣ ಎಲ್ಲರೂ ಡಾಕ್ಟರಾಗುತ್ತಾರೆ. ನನ್ನ ಹೆಂಡತಿಯ ಪ್ರಕಾರ ವೋಲ್ಟೇಜ್ ಕಡಿಮೆ. ಮಗ ಫೋನಿನಿಂದ ತಲೆ ಎತ್ತದೆಯೇ "ಬೋರ್ಡ್ ಹೋಗಿದೆ" ಅಂದ. ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು. "ಶಿವನಸಮುದ್ರದಲ್ಲಿ ಕರೆಂಟು ತೆಗೆದಿದ್ದು ನಿಮ್ಮ ಬನಿಯನ್ ಒಣಗ್ಸೋಕಾ?" ಅಂದರು. ಅಮ್ಮನ ಇತಿಹಾಸ ಸರಿಯಾಗಿಯೇ ಇದೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರಿನ ಬೀದಿಗೆ ಅದರ ದೀಪ ಬರಲು 1908 ಆಗಬೇಕಾಯಿತು. ಚಿನ್ನ ತೆಗೆಯಲು ಹುಟ್ಟಿದ ಕರೆಂಟಿನಲ್ಲಿ ಬನಿಯನ್ ಒಣಗಿಸುವುದು ಸ್ವಲ್ಪ ಸಣ್ಣತನವೇ ಇರಬಹುದು. ಆದರೆ ಈ ಮಳೆಯಲ್ಲಿ ಒಣಗಿದ ಬನಿಯನ್ನಿಗೂ ಬೆಲೆ ಇದೆ.

ಸರ್ವಿಸಿನವರಿಗೆ ಫೋನ್ ಮಾಡಿದೆವು. ಆ ಕಡೆಯವರು ಮೆಷಿನ್ ನೋಡದೆಯೇ "ಹೀಟರ್ ಹೋಗಿದೆ ಸರ್, ಪೂರಾ ಚೇಂಜ್ ಮಾಡ್ಬೇಕು" ಅಂದರು. ಹೇಳಿದ ರೇಟು ಕೇಳಿ ಅಮ್ಮನ ಮುಖದಲ್ಲಿ ಸಮಾಧಾನ ಕಾಣಿಸಿತು. ಅದು ನನಗೆ ಹಿಡಿಸಲಿಲ್ಲ. ಎದುರುಮನೆಯ ಐಟಿಐ ಮೇಷ್ಟ್ರನ್ನು ಕರೆದೆ.

ಮೇಷ್ಟ್ರು ರಿಟೈರ್ ಆಗಿ ಎಷ್ಟೋ ಕಾಲವಾಯಿತು. ಚೀಲದಲ್ಲಿ ಟೆಸ್ಟರ್, ಮಲ್ಟಿಮೀಟರ್, ಒಂದು ಹಳೆಯ ಟೂತ್‌ಬ್ರಷ್ ಯಾವಾಗಲೂ ಇರುತ್ತವೆ. ಬಂದವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಸ್ಟೂಲ್ ಎಳೆದುಕೊಂಡು ಕೂತು ಕೇಳಲು ಶುರುಮಾಡಿದರು.

"ಡ್ರಮ್ ತಿರುಗತ್ತೇನಪ್ಪ?"

"ತಿರುಗತ್ತೆ ಮೇಷ್ಟ್ರೇ."

"ಹಂಗಾದ್ರೆ ಬೆಲ್ಟಿದೆ, ಮೋಟಾರಿದೆ, ಬಾಗಿಲ ಸ್ವಿಚ್ಚೂ ಸರಿ ಇದೆ. ಅವನ್ನೆಲ್ಲ ಮರೆತುಬಿಡು."

ಒಂದೇ ಪ್ರಶ್ನೆಯಲ್ಲಿ ಅರ್ಧ ಮೆಷಿನ್ ಖುಲಾಸೆ ಆಯಿತು. ಬೆಲ್ಟ್ ಕಡಿದಿದ್ದರೆ ಡ್ರಮ್ಮನ್ನು ಒಂದು ಬೆರಳಿನಲ್ಲಿ ನೂಕಿದರೂ ತಡೆಯಿಲ್ಲದೆ ಸುತ್ತುತ್ತದೆಯಂತೆ. ಗುಂಯ್ ಅನ್ನುತ್ತಾ ತಿರುಗದಿದ್ದರೆ ಮೋಟಾರಿಗೆ ಮೊದಲ ನೂಕು ಕೊಡುವ ಕೆಪಾಸಿಟರ್ ಕಡೆ ನೋಡಬೇಕು. ಏನೂ ಸದ್ದಿಲ್ಲ ಅಂದರೆ ಮೊದಲು ಪ್ಲಗ್ಗು, ಆಮೇಲೆ ಬಾಗಿಲು. ಕೈಯಲ್ಲಿ ಏನೂ ಹಿಡಿಯದೆ ಕಿವಿಯಿಂದಲೇ ಇಷ್ಟು ಹೇಳಬಹುದು. ಮಗ ಫೋನ್ ಕೆಳಗಿಟ್ಟ. ನಮ್ಮನೆಯಲ್ಲಿ ಇದು ಅಪರೂಪ.

ಮೆಷಿನ್ ಓಡಿಸಲು ಹೇಳಿ ಮೇಷ್ಟ್ರು ಎದ್ದು ಯುಟಿಲಿಟಿಯ ಆಚೆ ಹೋದರು. ಗೋಡೆಯಲ್ಲಿ ಗಾಳಿ ಹೊರಗೆ ಬರುವ ಕಿಂಡಿ ಇದೆ. ಅದರ ಮುಂದೆ ಕೈ ಹಿಡಿದು ನಿಂತರು. "ಹೀಟರ್ ಮಾತು ಆಮೇಲೆ. ಮೊದಲು ಗಾಳಿ ಎಲ್ಲಿ?" ಅಂದರು. ಅಲ್ಲಿ ಗಾಳಿಯೇ ಇರಲಿಲ್ಲ. ಕಿಂಡಿಯ ಮುಚ್ಚಳ ಅಲುಗುತ್ತಲೂ ಇರಲಿಲ್ಲ.

ನಾವು ಡ್ರೈಯರ್ ಅಂದರೆ ಬಿಸಿ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ. ಬಿಸಿಯು ನೀರನ್ನು ಆವಿ ಮಾಡುತ್ತದೆ, ನಿಜ. ಒಂದು ಲೀಟರ್ ನೀರು ಆವಿಯಾಗಲು ಹತ್ತಿರ ಹತ್ತಿರ 0.7 ಯೂನಿಟ್ ಕರೆಂಟು ಬೇಕು. ಅದಕ್ಕೇ ವಾಷಿಂಗ್ ಮೆಷಿನ್ನಿನಲ್ಲಿ ಚೆನ್ನಾಗಿ ಹಿಂಡಿಸಿ ಹಾಕಿದಷ್ಟೂ ಲಾಭ. ಆದರೆ ಆವಿಯಾದ ನೀರು ಹೊರಗೆ ಹೋಗದಿದ್ದರೆ ಬಟ್ಟೆಗೇನು ಬಂತು? ಅದೇ ಹಸಿ ಗಾಳಿಯಲ್ಲಿ ಅದೇ ಬಟ್ಟೆ ಉರುಳುತ್ತಿರುತ್ತದೆ. ಅಗ್ರಹಾರದ ಹಳೆಯ ತೊಟ್ಟಿ ಮನೆಗಳಲ್ಲಿ ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವುತ್ತಿದ್ದರು. ಯಾರೂ ಮುಟ್ಟದಿರಲಿ ಅಂತ ಅದು. ಆದರೆ ಮೇಲೆ ಬೆಚ್ಚಗಿನ ಗಾಳಿ, ನಡುವೆ ತೊಟ್ಟಿಯ ಬಯಲು. ಮಳೆಗಾಲದಲ್ಲೂ ಸೀರೆ ಸಂಜೆಗೆ ಒಣಗುತ್ತಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಈಗಿನ ಮನೆಗಳಿಗೆ ತೊಟ್ಟಿ ಇಲ್ಲ. ಕಿಟಕಿಗೆ ಸೊಳ್ಳೆ ಪರದೆ, ಅದರ ಮೇಲೆ ಗಾಜು, ಅದರ ಮೇಲೆ ಕರ್ಟನ್ನು. ಗಾಳಿ ಬೇಡ ಅಂತ ಇಷ್ಟೆಲ್ಲ ಮಾಡಿ, ಆಮೇಲೆ ಗಾಳಿ ಊದುವ ಮೆಷಿನ್ ತರುತ್ತೇವೆ.

ಪ್ಲಗ್ ಕಿತ್ತು ಮೆಷಿನ್ನನ್ನು ಮುಂದಕ್ಕೆ ಎಳೆದರೆ ಕಥೆ ಗೊತ್ತಾಯಿತು. ಯುಗಾದಿಗೆ ಮುಂಚೆ ಬಣ್ಣ ಹೊಡೆಯಲು ಬಂದವರು ಅದನ್ನು ಸರಿಸಿದ್ದರು. ಕೆಲಸ ಮುಗಿದ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದ್ದರು, ನೀಟಾಗಿ ಕಾಣಲಿ ಅಂತ. ಹಿಂದಿನ ಸುರುಳಿ ಪೈಪು ಗಾಣದಿಂದ ಹೊರಬಂದ ಕಬ್ಬಿನ ಸಿಪ್ಪೆಯ ಹಾಗೆ ಚಪ್ಪಟೆಯಾಗಿತ್ತು. ಒಳಗೆ ಬಟ್ಟೆಗಳಿಂದ ಉದುರಿದ ನೂಲಿನ ಬೂದು ಬಣ್ಣದ ಜೂಲು ಗಟ್ಟಿಯಾಗಿ ಕೂತಿತ್ತು.

ಆಮೇಲೆ ಮೇಷ್ಟ್ರು ಹಿಂದಿನ ತಗಡು ಬಿಚ್ಚಿದರು. ಹೀಟರಿನ ಒಂದು ವೈರ್ ಕಳಚಿ ಮೀಟರ್ ಇಟ್ಟರು. ಅದಕ್ಕೆ ಮೊದಲು ಮಗನಿಗೊಂದು ಲೆಕ್ಕ. "2000 ವಾಟ್ ಹೀಟರ್. ಮನೆ ವೋಲ್ಟೇಜು 230. 230ನ್ನ 230ರಿಂದ ಗುಣಿಸು, 2000ದಿಂದ ಭಾಗಿಸು." ಇಪ್ಪತ್ತಾರೂವರೆ ಬಂತು. ಹೀಟರ್ ಸರಿ ಇದ್ದರೆ ಕರೆಂಟಿಗೆ ಅದು ಒಡ್ಡುವ ತಡೆ ಅಷ್ಟು ಓಮ್ ಇರಬೇಕು. ಮೀಟರೂ 26 ಓಮ್‌ಗಳ ಆಸುಪಾಸಿನಲ್ಲೇ ನಿಂತಿತು. ಕಾಯಿಲ್ ಕಡಿದಿದ್ದರೆ ಓದುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಫೋನಿನಲ್ಲೇ ಸತ್ತುಹೋಗಿದ್ದ ಹೀಟರ್ ಗುಂಡುಕಲ್ಲಿನಂತಿತ್ತು.

ಮುಂದಿನ ಅನುಮಾನ ಥರ್ಮೋಸ್ಟಾಟ್. ಇಸ್ತ್ರಿ ಪೆಟ್ಟಿಗೆಯಲ್ಲಿರುವಂಥದ್ದೇ. ಬಿಸಿಯಾದರೆ ಒಳಗಿನ ಪಟ್ಟಿ ಬಾಗಿ ಕರೆಂಟು ಬಿಡುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಅದಕ್ಕೆ ಮೀಟರ್ ಪೀಂ ಅಂದಿತು, ಅಂದರೆ ಅಲ್ಲಿ ಲೈನ್ ಕಡಿದಿಲ್ಲ. ಅದರ ಪಕ್ಕದ ಸಣ್ಣ ಥರ್ಮಲ್ ಫ್ಯೂಸಿಗೆ ಇಟ್ಟರೆ ಸದ್ದೇ ಇಲ್ಲ.

ಇಷ್ಟೇ ಇಷ್ಟು ಸಾಮಾನು. ಅದರೊಳಗೆ ಒಂದು ಗುಳಿಗೆ, ಅದಕ್ಕೆ ಒತ್ತಿಕೊಂಡ ಒಂದು ಸ್ಪ್ರಿಂಗು. ಬಿಸಿ ಮಿತಿ ದಾಟಿದರೆ ಗುಳಿಗೆ ಕರಗುತ್ತದೆ, ಸ್ಪ್ರಿಂಗ್ ಸಡಿಲಾಗಿ ಲೈನ್ ಕಡಿಯುತ್ತದೆ. ಒಮ್ಮೆ ಹೋದರೆ ಹೋಯಿತು, ಮತ್ತೆ ಕೂಡುವುದಿಲ್ಲ. ಪೈಪು ಕಟ್ಟಿ ಬಿಸಿಗಾಳಿ ಒಳಗೇ ನಿಂತಾಗ ಅದು ತಾನು ಸತ್ತು ಮನೆ ಉಳಿಸಿದೆ. ನಮ್ಮ ಮೆಷಿನ್ನಿನಲ್ಲಿ ಅದು ಹೀಟರಿನ ಲೈನಿನಲ್ಲಿ ಮಾತ್ರ ಇದೆ, ಅದಕ್ಕೇ ಡ್ರಮ್ ತಿರುಗುತ್ತಿತ್ತು. ಕೆಲವು ಮೆಷಿನ್ನುಗಳಲ್ಲಿ ಮೋಟಾರಿನ ಲೈನೂ ಅದರ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

"ಒಂದು ತುಂಡು ವೈರ್ ಹಾಕಿ ಎರಡೂ ಕಡೆ ಸೇರ್ಸಿಬಿಟ್ರೆ?" ಅಂತ ಮಗ ಕೇಳಿದ. ಮೇಷ್ಟ್ರ ಸ್ವರ ಅಷ್ಟು ಹೊತ್ತಿನಲ್ಲಿ ಅದೊಂದು ಸಲ ಏರಿತು. "ಪರೀಕ್ಷೆಲಿ ಹೀಗೆ ಬರೆದವರನ್ನ ನಾನು ಪಾಸ್ ಮಾಡಿಲ್ಲ" ಅಂದರು.

ಬಿಡಿಭಾಗದ ಅಂಗಡಿಯವರದು ಎಲ್ಲ ಕಡೆ ಒಂದೇ ಪ್ರಶ್ನೆ: "ಹಳೇ ಪೀಸ್ ತಂದಿದೀರಾ ಸಾರ್?" ತಂದಿದ್ದೆ. ಅದರ ಮೈಮೇಲಿನ ಡಿಗ್ರಿ, ಆಂಪ್ಸ್ ಎರಡನ್ನೂ ಕನ್ನಡಕ ಏರಿಸಿ ಓದಿ, ಡಬ್ಬಿಯಿಂದ ಅಂಥದ್ದನ್ನೇ ಹುಡುಕಿ ಕೊಟ್ಟರು. ಹೀಟರಿಗೆ ಹೇಳಿದ್ದ ರೇಟಿನ ಮುಂದೆ ಅದರ ಬೆಲೆ ಚಿಲ್ಲರೆ. ಪೈಪು ಮಾತ್ರ ಹೊಸದು ಬೇಕಾಯಿತು.

ಬಾಗಿಲ ಬಳಿಯ ಜೂಲಿನ ಜಾಲರಿಯನ್ನು ಪ್ರತಿ ಸಲ ಕೈಯಲ್ಲಿ ಸವರುತ್ತಿದ್ದೆವು, ನೋಡಲು ಚೊಕ್ಕಟವಾಗಿಯೇ ಇತ್ತು. ಮೇಷ್ಟ್ರು ಅದನ್ನು ನಲ್ಲಿಯ ಕೆಳಗೆ ಹಿಡಿದರು. ನೀರು ಸೋರಬೇಕು ತಾನೇ? ಮೇಲೆಯೇ ನಿಂತಿತು. ಬಟ್ಟೆ ಮೆತ್ತಗಾಗಲಿ, ಘಮಘಮ ಅನ್ನಲಿ ಅಂತ ಹಾಕುವ ಕಂಡೀಷನರ್ ಜಾಲರಿಗೆ ಕಣ್ಣಿಗೆ ಕಾಣದ ಪೊರೆ ಕಟ್ಟಿತ್ತು. ಟೂತ್‌ಬ್ರಷ್ ಯಾಕೆ ಅಂತ ಆಗ ತಿಳಿಯಿತು. ಸೋಪು ಹಾಕಿ ಉಜ್ಜಿದ ಮೇಲೆ ನೀರು ಸರಾಗವಾಗಿ ಇಳಿಯಿತು.

ಪೇಪರಿನ ಮೇಲೆ ಗುಡ್ಡೆ ಹಾಕಿದ್ದ ಜೂಲನ್ನು ಅಮ್ಮ ಬೆರಳಲ್ಲಿ ಹೊಸೆದು ನೋಡುತ್ತಿದ್ದರು.

"ಮೆತ್ತಗಿದೆ ಮೇಷ್ಟ್ರೇ. ಬತ್ತಿ ಮಾಡ್ಬೋದೇನೋ?"

"ಚೆನ್ನಾಗಿ ಉರಿಯತ್ತಮ್ಮ. ಅದೇ ಭಯ. ಕಿಡಿ ಸೋಕಿದ್ರೆ ಸಾಕು."

ಅಮ್ಮ ಅಷ್ಟರಲ್ಲಿ ಇನ್ನೊಂದು ಯೋಚಿಸಿದ್ದರು. "ಥೂ, ಇದು ಇವರ ಲುಂಗಿ, ಚಡ್ಡಿಯ ಜೂಲು! ದೇವರಿಗಾ?" ಅಂತ ಕೈ ತೊಳೆಯಲು ಎದ್ದರು.

ಹೊಸ ಪೈಪಿಗೆ ಜಾಗ ಬಿಟ್ಟು ಮೆಷಿನ್ ನಿಲ್ಲಿಸಿ ಓಡಿಸಿದೆವು. ಆಚೆ ಕಿಂಡಿಯ ಮುಚ್ಚಳ ಪಟಪಟ ಅಂದಿತು. ಬೆಚ್ಚಗಿನ ಗಾಳಿ ಬಂತು. ಮೇಷ್ಟ್ರು ದುಡ್ಡು ಮುಟ್ಟಲಿಲ್ಲ, ಕಾಫಿ ಬೇಡ ಅನ್ನಲಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಮಿಕ್ಸಿ ಎತ್ತಿಕೊಂಡು ಬಂದರು. ಹೇಗೂ ಬಂದಿದ್ದಾರಲ್ಲ, ಇದನ್ನೂ ನೋಡಿಬಿಡಲಿ ಅಂತ.

"ಗೊರ್ ಅನ್ನತ್ತಾ, ಸುಮ್ನಿರತ್ತಾ?" ಮೇಷ್ಟ್ರು ಕೇಳಿದರು.

"ಚಟ್ನಿ ರುಬ್ತಾ ಇದ್ದೆ. ಟಕ್ ಅಂತ ನಿಂತೋಯ್ತು. ಈಗ ಉಸಿರೇ ಇಲ್ಲ."

ಮೇಷ್ಟ್ರು ಮಿಕ್ಸಿಯನ್ನು ಮಡಿಲಲ್ಲಿ ತಲೆಕೆಳಗು ಮಾಡಿಕೊಂಡು, ತಳದಲ್ಲಿದ್ದ ಕೆಂಪು ಗುಂಡಿ ಒತ್ತಿದರು. "ಇದು ಮತ್ತೆ ಕೂಡೋ ಜಾತಿದಮ್ಮ," ಅಂದರು. "ಕೊಬ್ರಿ ಸ್ವಲ್ಪ ಸಣ್ಣಗೆ ಹೆಚ್ಚಿ ಹಾಕಿ."