ಜಾಣ ಮೀಟರು ಮತ್ತು ರೋಣಿಹಾಳದ ಮೊಸಳೆ

ಕರೆಂಟ್ ಮೀಟರಿಗೆ ಬುದ್ಧಿ ಬಂದಿದೆ. ಬುದ್ಧಿಯ ರೇಟು ಶುರುವಲ್ಲಿ ಹೆಚ್ಚು ಕಡಿಮೆ 5 ಸಾವಿರ ಇತ್ತು. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಎಂದಿತು. ರೇಟು ಜಾಸ್ತಿ, ಟೆಂಡರಿನಲ್ಲಿ ಅಕ್ರಮ ಅಂತ ಆಮೇಲೆ ಎದ್ದ ರಗಳೆಯೆಲ್ಲ ನಿಮಗೆ ಗೊತ್ತೇ ಇದೆ. ಟೆಂಡರ್ ಪುರಾಣ ನನಗೆ ಬೇಡ. ನನಗಿರುವ ಅನುಮಾನ ಒಂದೇ. ಇಷ್ಟು ದೊಡ್ಡ ಜಾಲದಲ್ಲಿ ಬುದ್ಧಿ ಕಮ್ಮಿ ಇದ್ದದ್ದು ನಮ್ಮ ಗೋಡೆಯಲ್ಲಿ ಮಾತ್ರವಾ?

ಕಂಬ ವಾಲಿದ ಹಾಗೇ ಇದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಪೆಟ್ಟಿಗೆಗೆ ಬಾಗಿಲಿಲ್ಲ, ಫ್ಯೂಸ್ ಇರಬೇಕಾದಲ್ಲಿ ದಪ್ಪ ತಂತಿ ಸುತ್ತಿದ್ದಾರೆ. ನಾಲ್ಕು ಹನಿ ಬಿದ್ದರೆ ಕರೆಂಟ್ ಇಲ್ಲ. ಸ್ಮಾರ್ಟ್ ಮೀಟರ್ ಇದ್ದರೆ ಕರೆಂಟ್ ಹೋದದ್ದನ್ನು ತಾನೇ ಆಫೀಸಿಗೆ ತಿಳಿಸುತ್ತದಂತೆ. ಒಳ್ಳೆಯದೇ ಆಯ್ತು. ಇಷ್ಟು ದಿನ ಅವರು ಎತ್ತದ ಫೋನಿಗೆ ನಾವು ಕರೆ ಮಾಡುತ್ತಿದ್ದೆವು, ಇನ್ನು ಮೀಟರೇ ಮಾಡುತ್ತದೆ.

ಯಾವ ಹೊತ್ತಿಗೆ ಎಷ್ಟು ಉರಿಸಿದಿರಿ ಅಂತಲೂ ಈ ಮೀಟರು ಲೆಕ್ಕ ಇಡುತ್ತದೆ. ಬಿಸಿಲಿರುವಾಗಿನ ಕರೆಂಟಿಗೆ ದರ ಕನಿಷ್ಠ ಶೇ 20 ಕಡಿಮೆ ಇರಲಿ, ಎಲ್ಲರೂ ಒಟ್ಟಿಗೆ ಬಳಸುವ ಪೀಕ್ ಹೊತ್ತಿನಲ್ಲಿ ಜಾಸ್ತಿ ಇರಲಿ ಅಂತ ಕೇಂದ್ರ ಸರ್ಕಾರ 2023ರಲ್ಲೇ ನಿಯಮ ಮಾಡಿದೆ. ಕೃಷಿಗೆ ಮಾತ್ರ ಅನ್ವಯಿಸದು. ಸೋಲಾರ್ ಹಗಲು ಸುರಿಯುತ್ತದೆ, ಸಂಜೆ ಕೈಕೊಡುತ್ತದೆ. ಹಾಗಾಗಿ ಗೀಸರ್, ವಾಷಿಂಗ್ ಮಷೀನ್, ಗ್ರೈಂಡರ್ ಎಲ್ಲವನ್ನೂ ನಾವು ಮಧ್ಯಾಹ್ನ ಓಡಿಸಬೇಕು. ಬೆಳಿಗ್ಗೆ ಎಂಟಕ್ಕೇ ಬೀಗ ಹಾಕಿ ಹೋಗುವವರು? ಮ್ಯಾನೇಜರ್ ಹತ್ತಿರ ಅರ್ಧ ದಿನ ರಜೆ ಕೇಳಬಹುದು. ‘ದೋಸೆಗೆ ರುಬ್ಬಬೇಕು ಸಾರ್, ಗ್ರಿಡ್ ಬ್ಯಾಲೆನ್ಸ್ ಆಗಬೇಕಂತೆ.’

ಹಗಲಲ್ಲೇ ಬಳಸಿ ಅಂತ ನಮಗೆ ಹೇಳುತ್ತಾರೆ. ಹಗಲಲ್ಲೇ ಕೊಡಿ ಅಂತ ಅಂಗಲಾಚುವ ರೈತರು ಬೇರೆ ಇದ್ದಾರಲ್ಲ, ಅವರಿಗೆ ರಾತ್ರಿ ಪಾಳಿ.

2023ರ ಅಕ್ಟೋಬರ್ ನೆನಪಿದೆಯಾ? ಮಳೆ ಕೈಕೊಟ್ಟ ವರ್ಷ. ವಿಜಯಪುರ ಜಿಲ್ಲೆಯ ರೋಣಿಹಾಳದಲ್ಲಿ ರೈತರು ಹೊಲದ ಕಡೆ ಸಿಕ್ಕ ಮೊಸಳೆಯನ್ನು ಹಗ್ಗದಲ್ಲಿ ಕಟ್ಟಿ ತಂದು ಹೆಸ್ಕಾಂ ಸಬ್‌ಸ್ಟೇಷನ್ ಮುಂದೆ ಇಳಿಸಿದರು. ಕತ್ತಲಲ್ಲಿ ನೀರು ಹಾಯಿಸಲು ಹೋದಾಗ ಎದುರಿಗೆ ಏನು ಸಿಗುತ್ತೆ ಅಂತ ಸಾಹೇಬರೂ ನೋಡಲಿ ಎಂದು. ಅರ್ಜಿ ಕೊಟ್ಟರೆ ಫೈಲಿನೊಳಗೆ ಸೇರಿಸಿಬಿಡಬಹುದು, ಮೊಸಳೆಯನ್ನು ಸೇರಿಸಲಾಗದು. ಸ್ವೀಕೃತಿ ಸೀಲು ಎಲ್ಲಿ ಒತ್ತುವುದು, ಬೆನ್ನಿಗಾ? ಕರೆಂಟ್ ಇರುವ ಹೊತ್ತಿಗೆ ತಕ್ಕಂತೆ ಬಳಕೆ ಬದಲಿಸಿಕೊಳ್ಳುವುದಕ್ಕೆ ಗ್ರಿಡ್ ಪಂಡಿತರು ‘ಡಿಮಾಂಡ್ ರೆಸ್ಪಾನ್ಸ್’ ಅನ್ನುತ್ತಾರೆ. ಅವತ್ತು ಡಿಮಾಂಡು ಹಲ್ಲು, ಬಾಲ ಸಮೇತ ಬಂದಿತ್ತು. ರೆಸ್ಪಾನ್ಸ್ ಬಂದದ್ದು ಅರಣ್ಯ ಇಲಾಖೆಯಿಂದ. ಅವರು ಮೊಸಳೆಯನ್ನು ಒಯ್ದರು.

ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ 2019ರಲ್ಲೇ ಪೂರ್ತಿಯಾಗಿದೆ. 13 ಸಾವಿರ ಎಕರೆ. ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಶುರುವಾದ ಗುತ್ತಿಗೆಗೆ ಜಮೀನು ಬಿಟ್ಟುಕೊಟ್ಟವರೂ ರೈತರೇ. ಈಗ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಪ್ಯಾನೆಲ್ ಹಾಕಿ ಪಂಪ್‌ಸೆಟ್ಟಿಗೆ ಹಗಲು ಕರೆಂಟ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಲಿ, ನನ್ನದೇನೂ ತಕರಾರಿಲ್ಲ. ಆದರೆ ಸೂರ್ಯ ಹಗಲಲ್ಲಿ ಬರುತ್ತಾನೆ ಅನ್ನೋದನ್ನು ಕಂಡುಹಿಡಿಯಲು ಇಷ್ಟು ವರ್ಷ ಬೇಕಿತ್ತಾ?

ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗಿ ಹಾವು ಕಚ್ಚಿ ಸತ್ತವರಿದ್ದಾರೆ. ಒದ್ದೆ ಕೈಗೆ ಶಾಕ್ ಹೊಡೆದು ಸತ್ತವರಿದ್ದಾರೆ. ಅವರನ್ನು ಉಳಿಸಲು ಆ್ಯಪ್ ಬೇಕಿರಲಿಲ್ಲ, ಡ್ಯಾಶ್‌ಬೋರ್ಡ್ ಬೇಕಿರಲಿಲ್ಲ. ಖಾಲಿ ಇರುವ ಲೈನ್‌ಮ್ಯಾನ್ ಹುದ್ದೆ ತುಂಬಿ. ಜೋತುಬಿದ್ದ ತಂತಿ ಬದಲಿಸಿ. ಹಗಲಲ್ಲಿ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಕೊಡಿ, ಹೇಳಿದ ಟೈಮಿಗೆ ಕೊಡಿ.